ವೀಳ್ಯ ಕೊಟ್ಟು ಜೋಡಿ ಕಟ್ಟುತ್ತಿದ್ದ ಕಾಲ

ಮೊನ್ನೆ ಮೊಮ್ಮಗಳು ಬಂದು, "ತಾತ, ನಾನು ಆಟಗಾರರ ಏಜೆಂಟ್ ಆಗ್ತೀನಿ" ಅಂದಳು. ಅಷ್ಟೇ ಅಂದದ್ದು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬೀದಿಗೆ ಹೋಗಿ ಎದುರು ಮನೆಯವರಿಗೆ ಹೇಳಿದೆ, ಹಾಲು ಹಾಕುವವನಿಗೆ ಹೇಳಿದೆ, ಯಾರೋ ಗುರುತಿಲ್ಲದವರು ಸ್ಕೂಟರ್ ನಿಲ್ಲಿಸಿ ದಾರಿ ಕೇಳಿದರೆ ಅವರಿಗೂ ಹೇಳಿದೆ. ಕಬಡ್ಡಿ ಆಡುವ ಹುಡುಗಿಯರ ಪರವಾಗಿ ಇವಳು ತಂಡದವರ ಹತ್ತಿರ ಮಾತಾಡುತ್ತಾಳಂತೆ, ಕರಾರು ಓದಿ ನೋಡುತ್ತಾಳಂತೆ. "ಈ ಕೆಲಸಕ್ಕೆ ಇಳಿಯೋದು ಹೆಂಗೆ ಅಂತ ಎಲ್ಲಾ ಕಡೆ ಹುಡುಕ್ದೆ ತಾತ. ನಿಂಗೆ ಇದೆಲ್ಲ ಅರ್ಥ ಆಗುತ್ತಾ?" ಅಂತ ಬೇರೆ ಕೇಳಿದಳು. ಅರ್ಥ ಆಗುತ್ತಾ ಅಂತೆ! ನಾನು ಅದೇ ಕೆಲಸ ಮಾಡಿದವನು ಕಣಮ್ಮ. ಆಗ ಅದಕ್ಕೆ ಇಂಗ್ಲಿಷ್ ಹೆಸರು ಇರಲಿಲ್ಲ, ಜೋಡಿ ಕಟ್ಟುವುದು ಅನ್ನುತ್ತಿದ್ದರು.

ಅವಳೇ ಪೆನ್ನು ಕೊಟ್ಟು ಬರಿ ಅಂದಳು. ಮೂರನೇ ಕ್ಲಾಸು ಓದಿದವನ ಬರಹ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ಸಂತೋಷಕ್ಕೆ ಬರೆಯಲು ಕೂತರೆ ಕೈ ಮಾತ್ರ ಒಂದು ಸಾವಿನ ಕಡೆಗೇ ಹೋಗುತ್ತಿದೆ. ಅದನ್ನು ಬಿಟ್ಟು ಈ ಕೆಲಸದ ಬಗ್ಗೆ ಹೇಳಲು ನನಗೆ ಬರುವುದಿಲ್ಲ.

ಐವತ್ತರ ದಶಕದ ಕೊನೆ, ಅರವತ್ತರ ಶುರು. ನಮ್ಮ ಮನೆಯಲ್ಲಿ ಗಾಣ ಇತ್ತು. ಎಳ್ಳೆಣ್ಣೆ, ಹರಳೆಣ್ಣೆಯ ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ನಾನು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸುತ್ತುತ್ತಿದ್ದೆ. ನನ್ನಲ್ಲಿ ಹೆಚ್ಚು ಎಣ್ಣೆ ಕೊಳ್ಳುತ್ತಿದ್ದವರು ಗರಡಿ ಮನೆಯವರು. ಕುಸ್ತಿಯ ಪೈಲ್ವಾನರಿಗೆ ದಿನಾ ಮೈ ತಿಕ್ಕಿಸಿಕೊಳ್ಳಲು ಎಣ್ಣೆ ಬೇಕು. ಡಬ್ಬ ಇಳಿಸಿದ ಮೇಲೆ ನಾನು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವರು ಸಾಮು ಮಾಡುವುದನ್ನು ನೋಡುತ್ತಿದ್ದೆ. ಯಾರು ಯಾವ ಕೀಲಿಗೆ ಎಣ್ಣೆ ಜಾಸ್ತಿ ತಿಕ್ಕುತ್ತಾನೋ ಅಲ್ಲಿ ಅವನಿಗೆ ನೋವಿದೆ ಎಂದರ್ಥ. ಯಾರ ಉಸಿರು ಬೇಗ ಕಟ್ಟುತ್ತದೆ, ಯಾರು ಸೋಲುವ ಹೊತ್ತಿಗೆ ಕೋಪ ಮಾಡಿಕೊಳ್ಳುತ್ತಾರೆ, ಎಲ್ಲಾ ನೋಡಿಯೇ ತಿಳಿಯುತ್ತಿತ್ತು. ನಾಲ್ಕು ಊರಿನ ಗರಡಿಗಳಲ್ಲೂ ನನ್ನನ್ನು ಎಣ್ಣೆ ಅಣ್ಣ ಅನ್ನುತ್ತಿದ್ದರು.

ಪಾವಗಡದಲ್ಲಿ ಕುಸ್ತಿ ಏರ್ಪಾಡು ಮಾಡುತ್ತಿದ್ದ ಒಬ್ಬ ಕಡಲೆಕಾಯಿ ವ್ಯಾಪಾರಿ ಇದ್ದ. ಒಂದು ದಿನ ನನ್ನ ಸೈಕಲ್ ಹಿಡಿದು ನಿಲ್ಲಿಸಿ, "ಏಮಪ್ಪಾ ಎಣ್ಣೆ, ನಾಲ್ಕೂರು ತಿರುಗ್ತೀಯ. ನಮ್ ಪೈಲ್ವಾನಿಗೆ ಸರಿಯಾದ ಜೋಡಿ ಎಲ್ಲೈತೆ ಚೆಪ್ಪು" ಅಂತ ಅರ್ಧ ತೆಲುಗಿನಲ್ಲೇ ಕೇಳಿದ. ನಾನು ಶಿರಾದ ಒಬ್ಬನನ್ನು ಹೇಳಿದೆ. ಆ ಕುಸ್ತಿ ಎಷ್ಟು ಹೊತ್ತು ನಡೆಯಿತೆಂದರೆ ನೋಡುವವರು ಕೂಗಿ ಕೂಗಿ ಗಂಟಲು ಕಳೆದುಕೊಂಡರು. ಮಾರನೆಯ ವಾರದಿಂದ ಎಲ್ಲರೂ ನನ್ನನ್ನೇ ಕೇಳತೊಡಗಿದರು. ಕೆಲಸಕ್ಕೆ ಇಳಿಯುವುದು ಹೇಗೆ ಅಂದೆಯಲ್ಲ ಮಗಳೇ, ನಾನು ಇಳಿದದ್ದು ಹೀಗೆ. ಯಾರೂ ಕರೆದು ಕೂರಿಸಲಿಲ್ಲ. ಹೋಗುತ್ತಾ ಬರುತ್ತಾ ನೋಡಿಟ್ಟುಕೊಂಡದ್ದೇ ಬಂಡವಾಳವಾಯಿತು.

ಕೆಲಸ ಇಷ್ಟು. ತೂಕ, ವಯಸ್ಸು, ಪಳಗಿದ ಮಟ್ಟ ನೋಡಿ ಇವನಿಗೆ ಇವನು ಜೋಡಿ ಎಂದು ತೀರ್ಮಾನಿಸಬೇಕು. ತೂಕಕ್ಕೆ ಮಂಡಿಯ ಮೂಟೆ ತಕ್ಕಡಿ ಇತ್ತು. ಮೆಣಸಿನಕಾಯಿ ಘಾಟಿಗೆ ಪೈಲ್ವಾನರು ಸೀನಿದರೆ ಮುಳ್ಳು ಅಲ್ಲಾಡುತ್ತಿತ್ತು, ಮಂಡಿಯವನು ಬೈಯುತ್ತಿದ್ದ. ಆಮೇಲೆ ಇಬ್ಬರ ಮನೆಗೂ ಹೋಗಿ ವೀಳ್ಯ ಕೊಡಬೇಕು. ಎಲೆ, ಅಡಿಕೆ, ಮೇಲೊಂದು ನಿಂಬೆಹಣ್ಣು. ಅದನ್ನು ಕೈಯಲ್ಲಿ ತೆಗೆದುಕೊಂಡರೆ ಮುಗಿಯಿತು, ಕಾಗದ ಪತ್ರ ಏನೂ ಇಲ್ಲ. ವೀಳ್ಯ ಹಿಡಿದವನು ಬಾರದಿದ್ದರೆ ಅವನ ಗರಡಿಗೇ ಹೆಸರು ಕೆಡುತ್ತಿತ್ತು. ಎದುರಾಳಿ ಒಬ್ಬನೇ ಕೈಯೆತ್ತಿ ಒಂದು ಸುತ್ತು ಬಂದು ಗೆದ್ದೆ ಅನ್ನಿಸಿಕೊಳ್ಳುತ್ತಿದ್ದ. ಅದಾದ ಮೇಲೆ ಪಾಂಪ್ಲೆಟ್ ಅಚ್ಚು ಹಾಕಿಸುವುದು, ಡಂಗುರ ಸಾರಿಸುವುದು, ಗಾಡಿ ಗೊತ್ತು ಮಾಡುವುದು, ಉಣ್ಣಲು ಜಾಗ ನೋಡುವುದು ಎಲ್ಲಾ ನನ್ನ ಪಾಲಿನದು.

ಆದರೆ ಒಂದು ಕಟ್ಟುಪಾಡು ಇತ್ತು. ಹುಡುಗನ ಪರವಾಗಿ ಹೊರಗಿನವರ ಹತ್ತಿರ ಎಷ್ಟು ಬೇಕಾದರೂ ನಾನು ಮಾತಾಡಬಹುದು. ಅವನ ಮೈ ವಿಚಾರ ಮಾತ್ರ ಎತ್ತುವಂತಿಲ್ಲ. ಏನು ತಿನ್ನಬೇಕು, ಯಾವಾಗ ಮಲಗಬೇಕು, ಗಾಯಕ್ಕೆ ಏನು ಹಚ್ಚಬೇಕು, ಅದು ಕುಸ್ತಿ ಕಲಿಸುವ ಗುರುವಿನದು, ಉಸ್ತಾದನದು. ಗರಡಿಯ ಹೊಸ್ತಿಲು ದಾಟಿದರೆ ಉಸ್ತಾದನ ಮಾತೇ ಮಾತು.

ಮಧುಗಿರಿಯ ಗರಡಿಯಲ್ಲಿ ಒಬ್ಬ ಹುಡುಗನಿದ್ದ. ಕೊರಟಗೆರೆ ಕಡೆಯ ಹಳ್ಳಿಯವನು, ಕಲ್ಲು ಒಡೆಯುವವರ ಮಗ. ಇಪ್ಪತ್ತು ತುಂಬಿತ್ತೋ ಇಲ್ಲವೋ. ಅಪ್ಪನಿಗೆ ಕಲ್ಲಿನ ದೂಳು ಕುಡಿದು ಎದೆ ಹೋಗಿತ್ತು. ಅವರ ಮನೆಗೆ ಹೋದರೆ ಮೊದಲು ಕೇಳಿಸುತ್ತಿದ್ದುದು ಅಪ್ಪನ ಕೆಮ್ಮು. ಹುಡುಗನೂ ಹಗಲು ಬಂಡೆಯ ಹತ್ತಿರ ಸುತ್ತಿಗೆ ಎತ್ತುತ್ತಿದ್ದ, ಸಾಯಂಕಾಲ ಗರಡಿಗೆ ಓಡಿ ಬರುತ್ತಿದ್ದ. ಅವನ ಪಟ್ಟು ನೋಡಿದರೆ ಹೊಟ್ಟೆ ತುಂಬುತ್ತಿತ್ತು! ದೊಡ್ಡ ಮೈಯವರನ್ನು ಸೊಂಟಕ್ಕೆ ಕೈಹಾಕಿ, ತೊಟ್ಟಿಲ ಮಗುವನ್ನು ಎತ್ತಿದಂತೆ ಎತ್ತಿ ಮಲಗಿಸುತ್ತಿದ್ದ.

ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿನವರು ಪೈಲ್ವಾನರಿಗೆ ಕೆಲಸ ಕೊಟ್ಟು ತಮ್ಮ ಹೆಸರಲ್ಲಿ ಕುಸ್ತಿ ಆಡಿಸುತ್ತಾರೆ ಎಂಬ ಸುದ್ದಿ ನನಗೆ ತಿಳಿದಿತ್ತು. ಹೋಗಿ ಗೇಟಿನ ಹತ್ತಿರ ಕಾದು, ಅಲ್ಲಿನ ಒಬ್ಬ ಅಧಿಕಾರಿಯನ್ನು ಹಿಡಿದು, ಶಿರಾದಲ್ಲಿ ಕುಸ್ತಿ ಇದೆ, ಬಂದು ನಮ್ಮ ಹುಡುಗನನ್ನು ನೋಡಿ ಎಂದು ಒಪ್ಪಿಸಿ ಬಂದೆ. ಆ ದಿನ ನಾನು ಬಸ್ಸಿನಲ್ಲಿ ಹಾಡಿಕೊಂಡು ಬಂದೆ. ಹುಡುಗನಿಗೆ ಹೇಳಿದಾಗ ಅವನು ನಗಲಿಲ್ಲ.

"ಮಿಲ್ನಾಗೆ ದೂಳಿರಲ್ವಾ ಎಣ್ಣೆ ಅಣ್ಣ?" ಅಂದ.

"ಹತ್ತಿ ದೂಳು ಇರುತ್ತೆ ಕಣ್ಲಾ. ಕಲ್ಲಿಂದಲ್ಲ."

"ಅಂಗಾರೆ ಗೆಲ್ತೀನಿ ಬುಡು. ಅಪ್ಪನ್ನೂ ಅವ್ವನ್ನೂ ಕರ್ಕೊಂಡೋಗ್ಬುಡ್ತೀನಿ."

ಶಿರಾದ ಕುಸ್ತಿಗೆ ಅವನ ಜೋಡಿಯಾಗಿ ನಾನು ಕಟ್ಟಿದ್ದು ಅಲ್ಲಿಯ ಒಬ್ಬ ಹಾಸಿಗೆ ಹೊಲಿಯುವವರ ಮಗನನ್ನು. ಹತ್ತಿ ಹಿಂಜುವ ಬಿಲ್ಲು ಹಿಡಿದು ಹಿಡಿದು ಅವನ ಮುಂಗೈ ಕಬ್ಬಿಣವಾಗಿತ್ತು. ಒಳ್ಳೆಯ ಮಾತಿನವನು. ವೀಳ್ಯ ಕೊಟ್ಟಾಗ ಕಣ್ಣಿಗೊತ್ತಿಕೊಂಡು, "ನಿಮ್ ಹುಡುಗನಿಗೆ ಹೇಳಣ್ಣಾ, ನಮ್ಮನೇಲಿ ಹಾಸಿಗೆ ರೆಡಿ ಐತೆ, ಬಂದು ಆರಾಮಾಗಿ ಬೆನ್ನು ಹಾಕ್ಬೋದು ಅಂತ" ಅಂದ. ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿಯಲ್ಲಿ ಸೋಲು. ನಾನು ಮಧುಗಿರಿಗೆ ಬಂದು ಅದನ್ನು ಹಾಗೇ ಹೇಳಿದೆ. ನಮ್ಮ ಹುಡುಗ, "ಕಲ್ಲಿನ ಮ್ಯಾಲೆ ಮಲಗಿ ಅಭ್ಯಾಸ ನಂಗೆ. ಹಾಸ್ಗೆ ಅವನೇ ಹಾಸ್ಕಳ್ಳಿ" ಅಂದು ವೀಳ್ಯ ಹಿಡಿದ. ಗರಡಿಯಲ್ಲಿ ಎಲ್ಲರೂ ನಕ್ಕರು.

ಅದಾಗಿ ಸ್ವಲ್ಪ ದಿನಕ್ಕೆ ಪಾವಗಡದ ಕಡೆ ಒಂದು ಚಿಕ್ಕ ಕುಸ್ತಿ ಇತ್ತು. ದನಗಳ ಪರಿಷೆ ಮುಗಿದ ಕೆರೆ ಅಂಗಳದಲ್ಲಿ ಮಣ್ಣು ಅಗೆದು ಅಖಾಡ ಮಾಡಿದ್ದರು. ಹುಡುಗ ಸುಲಭವಾಗಿ ಗೆದ್ದ. ಗೆದ್ದ ಖುಷಿಗೆ ಅಖಾಡದಿಂದ ಆಚೆ ಹಾರಿದ, ಹಾರಿದವನು ಅಲ್ಲೇ ಕೂತ. ಎತ್ತಿನ ಲಾಳದ ಮೊಳೆ ಹಿಮ್ಮಡಿಯೊಳಗೆ ಪೂರ್ತಿ ಇಳಿದಿತ್ತು. ಉಸ್ತಾದನೇ ಹಲ್ಲಿನಲ್ಲಿ ಕಚ್ಚಿ ಎಳೆದ. ರಕ್ತ ಹೆಚ್ಚು ಬರಲಿಲ್ಲ. ಅಖಾಡದ ಮಣ್ಣು ಒಂದು ಹಿಡಿ ತಂದು ಗಾಯಕ್ಕೆ ಒತ್ತಿ ಬಟ್ಟೆ ಕಟ್ಟಿದ.

ಗರಡಿಯವರೆಲ್ಲ ಮಾಡುತ್ತಿದ್ದುದು ಅದನ್ನೇ. ಆ ಮಣ್ಣಿಗೆ ನಮ್ಮಲ್ಲಿ ಮಟ್ಟಿ ಅನ್ನುತ್ತಾರೆ. ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡಿದ ಮಟ್ಟಿಯನ್ನು ದೇವರ ಹಾಗೆ ನೋಡುತ್ತಿದ್ದರು. ತರಚಿದರೂ ಅದೇ, ಊದಿದರೂ ಅದೇ, ತಲೆನೋವಿಗೂ ಅದೇ. ಆದರೆ ಇದು ಗರಡಿಯ ಮಟ್ಟಿಯಲ್ಲ, ದನಗಳು ನಿಂತು ಸಗಣಿ ಹಾಕಿದ ಕೆರೆ ಅಂಗಳದ ಮಣ್ಣು. ಲಂಗೋಟಿ ಕಟ್ಟಿ ಇಳಿದ ಮೇಲೆ ಯಾವ ಮಣ್ಣಾದರೂ ಮಟ್ಟಿಯೇ ಎಂದು ನಂಬಿದ್ದರು.

ನನ್ನ ಎಣ್ಣೆ ಗಿರಾಕಿಗಳಲ್ಲಿ ಒಬ್ಬ ಆಸ್ಪತ್ರೆಯ ಕಾಂಪೌಂಡರ್ ಇದ್ದ. ಲಾಳದ ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತದೆ, ಅದಕ್ಕೆ ಸೂಜಿ ಇದೆ ಎಂದು ಅವನು ಯಾರಿಗೋ ಹೇಳುವುದನ್ನು ಕೇಳಿದ್ದೆ. ಮಧುಗಿರಿಗೆ ಬಂದ ಮೇಲೆ ಉಸ್ತಾದನಿಗೆ ಮೆಲ್ಲಗೆ ಹೇಳಿದೆ.

"ಒಂದ್ಸಲ ಆಸ್ಪತ್ರೆಗೆ ತೋರಿಸ್ಬುಡಾನಾ?"

ಉಸ್ತಾದ ನನ್ನ ಕಡೆ ತಿರುಗಲೂ ಇಲ್ಲ. "ನೀನು ಎಣ್ಣೆ ಮಾರೋನು ಎಣ್ಣೆ ಮಾರು. ಸೂಜಿ ಚುಚ್ಚಿಸ್ಕಂಡ್ರೆ ನರ ಸಡ್ಲಾಗಿ ಹಿಡಿತ ಹೊಂಟೋಯ್ತದೆ. ಕುದ್ರೆ ರಕ್ತದಾಗೆ ಮಾಡಿದ್ದಂತೆ ಅದು. ನನ್ ಹುಡುಗನ ಮೈಗೆ ಕುದ್ರೆ ರಕ್ತ ಹಾಕುಸ್ತೀಯೇನೋ?"

ಹುಡುಗನನ್ನು ಆಚೆ ಕರೆದು ಹೇಳಿದೆ. ಅವನೂ ತಲೆ ಅಲ್ಲಾಡಿಸಿದ. "ಆ ಡಾಕ್ಟ್ರು ಕುಸ್ತಿ ಆಡ್ಬೇಡ ಅಂತಾರೆ ಎಣ್ಣೆ ಅಣ್ಣ. ಆಮೇಲೆ ಮಿಲ್ನೋರು ಬಂದು ಯಾರನ್ನ ನೋಡ್ತಾರೆ? ಈಗ ನೋವೇ ಇಲ್ಲ ನೋಡು" ಅಂತ ಆ ಕಾಲಿನ ಮೇಲೆ ಕುಣಿದು ತೋರಿಸಿದ. ಗಾಯ ಮುಚ್ಚಿಕೊಂಡಿತ್ತು. ನಿಜವಾಗಿಯೂ ಮುಚ್ಚಿಕೊಂಡಿತ್ತು.

ಒಂದು ವಾರ ಕಳೆದಿರಬೇಕು. ಎಣ್ಣೆ ತೆಗೆದುಕೊಂಡು ಹೋದಾಗ ಗರಡಿಯಲ್ಲಿ ಹಬ್ಬದ ಹಾಗಿತ್ತು. ಉಸ್ತಾದ ನನ್ನನ್ನು ಕರೆದು ಹುಡುಗನ ಹೊಟ್ಟೆಯ ಮೇಲೆ ಅಂಗೈ ಬೀಸಿ ಹೊಡೆದ. ಹಲಗೆಗೆ ಹೊಡೆದ ಸದ್ದು ಬಂತು.

"ನೋಡ್ಲಾ, ಕಲ್ಲು! ಕತ್ತು ಮುಟ್ಟಿ ನೋಡು, ಬಗ್ಗಲ್ಲ. ಮೈ ಕಟ್ಕೊಂಡೈತೆ. ಇಷ್ಟು ವರ್ಷದಾಗೆ ಇಂಗೆ ಕಟ್ಟಿದ್ ಮೈ ನಾನು ನೋಡಿಲ್ಲ."

ಮುಟ್ಟಿ ನೋಡಿದೆ. ಕತ್ತಿನ ನರಗಳು ಹಗ್ಗ ಎಳೆದ ಹಾಗೆ ನಿಂತಿದ್ದವು. ಸಾಮು ಮಾಡಿ ಮಾಡಿ ಒಂದು ದಿನ ಮೈ ಹೀಗೆ ಪಕ್ವಕ್ಕೆ ಬರುತ್ತದೆ ಎಂದು ಗರಡಿಯಲ್ಲಿ ಎಲ್ಲರೂ ಕಾಯುತ್ತಾರೆ. ಬಂದಿದೆ ಎಂದೇ ಅಲ್ಲಿದ್ದವರೆಲ್ಲ ನಂಬಿದರು, ಸುತ್ತ ನಿಂತು ಸರದಿಯ ಮೇಲೆ ಅವನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದರು. ಹುಡುಗ ನಗುತ್ತಿದ್ದ ಹಾಗಿತ್ತು. ಬಾಯಿ ಎರಡೂ ಕಡೆ ಎಳೆದುಕೊಂಡು ಹಲ್ಲು ಕಾಣುತ್ತಿತ್ತು. ಜೊತೆಯವನೊಬ್ಬ, "ಬೆಳಗಿಂದ ಬಾಯೇ ಬುಡ್ತಿಲ್ಲ ಕಣಣ್ಣ. ಗೆಲ್ಲಾಕೆ ಮೊದ್ಲೇ ಗತ್ತು ನೋಡು ಇವಂದು. ಮುದ್ದೆನೂ ಬ್ಯಾಡ ಅಂತಾನೆ" ಅಂದ.

ಬಾಯಿ ಬಿಡುತ್ತಿಲ್ಲ ಅಂದಾಗ ನನಗೆ ಕಾಂಪೌಂಡರ್ ಮಾತು ನೆನಪಾಯಿತು. ಧನುರ್ವಾಯು ಬಂದರೆ ಮೊದಲು ದವಡೆ ಕಚ್ಚಿಕೊಳ್ಳುತ್ತದೆ ಅಂದಿದ್ದ. "ಬಾಯಿ ತೆಗಿ" ಅಂದೆ. ಹುಡುಗ ತೆಗೆಯಲು ನೋಡಿದ. ಆಗಲಿಲ್ಲ. ಅವನ ಕಣ್ಣಿನಲ್ಲಿ ನಗು ಇರಲಿಲ್ಲ, ಹೆದರಿಕೆ ಇತ್ತು. ಅಷ್ಟರಲ್ಲಿ ಯಾರೋ ಕಲ್ಲಿನ ಗುಂಡನ್ನು ದಡಾರನೆ ಕೆಳಗಿಟ್ಟರು. ಆ ಸದ್ದಿಗೆ ಹುಡುಗ ನೆಲಕ್ಕೆ ಬಿದ್ದ, ಮೈ ಪೂರ್ತಿ ಹಿಂದಕ್ಕೆ ಬಗ್ಗಿತು. ತಲೆ ಮತ್ತು ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿ, ನಡುಬೆನ್ನು ಮೇಲೆದ್ದು ಬಿಲ್ಲಾಯಿತು. ಉಸ್ತಾದ ಅವನನ್ನು ಅವುಚಿಕೊಂಡು, "ಬುಡ್ಲಾ, ಪಟ್ಟು ಬುಡ್ಲಾ" ಅಂತ ಅವನ ಮೈಗೇ ಹೇಳುತ್ತಿದ್ದ.

ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಆಸ್ಪತ್ರೆಗೆ ಒಯ್ದೆವು. ಒಂದು ಮೂಲೆಯ ಕೋಣೆಯಲ್ಲಿ ಮಲಗಿಸಿ ಕಿಟಕಿಗೆ ಕಂಬಳಿ ಕಟ್ಟಿದರು. ಸೂಜಿ ಕೊಟ್ಟರು. ಡಾಕ್ಟರು ನನಗೆ ಹೇಳಿದ್ದು ಇಷ್ಟು: "ತಡವಾಗಿದೆ. ಬೆಳಕು ಬೇಡ, ಸದ್ದು ಬೇಡ. ಒಂದೊಂದು ಸದ್ದಿಗೂ ಹೀಗೇ ಎಳೆಯುತ್ತದೆ. ಉಸಿರು ನಿಂತರೆ ಮುಗಿಯಿತು." ಹಳ್ಳಿಗೆ ಹೇಳಿ ಕಳಿಸಿದೆವು, ಅವ್ವ ಬಂದಳು. ಅವಳನ್ನು ಬರಿಗಾಲಲ್ಲಿ ಒಳಗೆ ಬಿಟ್ಟರು, ಬಳೆ ತೆಗೆದಿಡು ಅಂದರು. ಅವಳು ಗಾಜಿನ ಬಳೆಗಳನ್ನು ಒಡೆಯದೆ, ಒಂದೊಂದಾಗಿ ಕೈ ಹಿಂಡಿ ಕಳಚಿ ಸೆರಗಿಗೆ ಕಟ್ಟಿಕೊಂಡಳು. ಮಗನ ಹತ್ತಿರ ಕೂತಳು, ಅಳಲಿಲ್ಲ. ಅತ್ತರೆ ಸದ್ದಾಗುತ್ತಿತ್ತು.

ಮಾರನೆಯ ಮಧ್ಯಾಹ್ನ ನಾನು ಆಸ್ಪತ್ರೆಯ ಜಗಲಿಯ ಮೇಲಿದ್ದೆ. ದೂರದಲ್ಲಿ ತಮಟೆ ಕೇಳಿಸಿತು. ಶಿರಾದ ಕುಸ್ತಿಯ ಡಂಗುರ. ಜಟಕಾ ಗಾಡಿಗೆ ಬಟ್ಟೆ ಕಟ್ಟಿ, ಒಬ್ಬ ತಮಟೆ ಬಾರಿಸುತ್ತಾ, ಇನ್ನೊಬ್ಬ ತಗಡಿನ ಕೊಳವೆ ಬಾಯಿಗಿಟ್ಟು ನಮ್ಮ ಹುಡುಗನ ಹೆಸರನ್ನೇ ಕೂಗಿಕೊಂಡು ಬರುತ್ತಿದ್ದರು. ಮಧುಗಿರಿಯ ಹುಲಿಯಂತೆ, ಕಲ್ಲಿನ ಮೈಯವನಂತೆ, ಬನ್ನಿ ನೋಡಿ ಅಂತ. ನಾನು ಓಡಿದೆ. ಪಂಚೆ ಕಾಲಿಗೆ ಸಿಕ್ಕಿ ಬಿದ್ದು ಮತ್ತೆ ಓಡಿದೆ. ತಮಟೆಯ ಮೇಲೆ ಎರಡೂ ಕೈ ಇಟ್ಟು ಮಲಗಿಬಿಟ್ಟೆ.

"ಏಯ್ ಎಣ್ಣೆ ಅಣ್ಣ, ತಲೆ ಕೆಟ್ಟೈತಾ? ನಿನ್ ಹುಡುಗನ ಹೆಸ್ರೇ ಅಲ್ವಾ ನಾವು ಸಾರ್ತಿರೋದು!" ಅಂದ ಬಾರಿಸುವವನು.

"ಅದಕ್ಕೇ ಕಣಪ್ಪಾ. ಅವನು ಒಳಗವ್ನೆ. ಕೈ ಮುಗೀತೀನಿ, ಬಾರಿಸ್ಬೇಡಿ."

ಆ ಗಾಡಿ ಸದ್ದಿಲ್ಲದೆ ತಿರುಗಿ ಹೋಯಿತು. ಕುದುರೆಯ ಕೊರಳಿನ ಗೆಜ್ಜೆಯನ್ನೂ ಅವರೇ ಕೈಯಲ್ಲಿ ಹಿಡಿದುಕೊಂಡರು. ನಾನು ವಾಪಸ್ಸು ಬರುವಷ್ಟರಲ್ಲಿ ಕೋಣೆಯ ಬಾಗಿಲು ತೆರೆದಿತ್ತು. ಅವ್ವ ಈಗ ದೊಡ್ಡದಾಗಿ ಅಳುತ್ತಿದ್ದಳು. ಯಾರೂ ಅವಳಿಗೆ ಸುಮ್ಮನಿರು ಅನ್ನಲಿಲ್ಲ.

ಮಣ್ಣಿಗೆ ಶಿರಾದ ಹುಡುಗನೂ ಬಂದ. ಬುಕ್ಕಾಪಟ್ಟಣದ ಕಡೆ ಹಾಸಿಗೆ ಕೆಲಸಕ್ಕೆ ಹೋಗಿದ್ದವನು ಸುದ್ದಿ ತಿಳಿದು ಹಾಗೇ ಬಂದಿದ್ದ, ತಲೆಕೂದಲಲ್ಲೆಲ್ಲ ಹತ್ತಿಯ ಎಳೆ. ಹೆಗಲು ಕೊಡಲಾ ಎಂದು ಅಪ್ಪನನ್ನು ಕೇಳಿದ. ಅಪ್ಪ ಕೆಮ್ಮುತ್ತಾ, "ಜೋಡಿ ಅಲ್ವೇನಪ್ಪಾ ನೀನು, ಕೊಡು" ಅಂದ.

ಕುಸ್ತಿಯ ದಿನ ಬಂತು. ಏರ್ಪಾಡು ಮಾಡಿದವರು ಶಿರಾದ ಹುಡುಗನಿಗೆ, ಕೈಯೆತ್ತಿ ಸುತ್ತು ಬಾ, ಇಲ್ಲಾ ಬೇರೆ ಜೋಡಿ ಕೊಡುತ್ತೇವೆ ಅಂದರು. ಅವನು ಅಖಾಡಕ್ಕೆ ಇಳಿಯಲೇ ಇಲ್ಲ. "ಅವನ ಮೇಲೆ ವೀಳ್ಯ ಹಿಡಿದೋನು ನಾನು. ಗೆದ್ದೆ ಅಂತ ಹೆಂಗೆ ಸುತ್ತು ಬರ್ಲಿ? ನಂಗಾಗಲ್ಲ ಸಾಬ್" ಅಂದು ಜನರ ಹಿಂದೆ ಹೋಗಿ ನಿಂತ. ಮಿಲ್ಲಿನ ಅಧಿಕಾರಿ ಬಂದಿದ್ದರು. ನಾನು ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಪಾಪ. ಸರಿ, ಅದೇ ತೂಕದಲ್ಲಿ ಇನ್ನು ಯಾರಿದ್ದಾರೆ?" ಅಂದರು. ಕೆಟ್ಟವರೇನಲ್ಲ ಅವರು. ಅವರ ಕೆಲಸವೇ ಅದು. ಮಗಳೇ, ನೀನೂ ಈ ಮಾತನ್ನು ಕೇಳುತ್ತೀಯ, ಬೇರೆ ಬೇರೆ ಬಾಯಲ್ಲಿ ಕೇಳುತ್ತೀಯ. ಆ ದಿನ ನಾನು ಸೈಕಲ್ ಹತ್ತಿ ನೇರ ಮಧುಗಿರಿಗೆ ಬಂದೆ.

ಮಧುಗಿರಿಯ ಗರಡಿಯಲ್ಲಿ ನಾನು ಒಂದೇ ಮಾತು ಹೇಳಿದೆ. ಇನ್ನು ಮೇಲೆ ಗಾಯವಾದವನು ಸೂಜಿ ಹಾಕಿಸಿಕೊಳ್ಳದಿದ್ದರೆ ನಾನು ವೀಳ್ಯ ಕೊಡುವುದಿಲ್ಲ ಎಂದೆ. ಉಸ್ತಾದ ಸೊರಗಿಹೋಗಿದ್ದ, ಕೆನ್ನೆ ಒಳಕ್ಕೆ ಹೋಗಿತ್ತು. ಆದರೂ, "ಯಾರೋ ಮಾಟ ಮಾಡ್ಸಿದ್ರು ಕಣ್ಲಾ ನನ್ ಹುಡುಗಂಗೆ. ಮಟ್ಟಿ ಯಾರ್ನೂ ಕೊಲ್ಲಲ್ಲ" ಅಂದ. ನನ್ನ ಎಣ್ಣೆ ಡಬ್ಬವನ್ನು ಕಾಲಿನಿಂದ ಬಾಗಿಲ ಆಚೆಗೆ ಸರಿಸಿದ. ಮತ್ತೆ ಅಲ್ಲಿ ನಾನು ಎಣ್ಣೆ ಮಾರಲಿಲ್ಲ. ಕೊರಟಗೆರೆಯಲ್ಲೂ ಹಾಗೇ ಆಯಿತು. ಪಾವಗಡದ ವ್ಯಾಪಾರಿ ಮಾತ್ರ, "ಚೂದ್ದಾಂ, ಚೂದ್ದಾಂ" ಅಂತ, ನೋಡೋಣ ಅನ್ನುತ್ತಾ ಜಾರಿಕೊಂಡ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಶಿರಾದಲ್ಲಿ ಎಣ್ಣೆ ಹಾಕುತ್ತಿದ್ದಾಗ, ಹಾಸಿಗೆ ಹೊಲಿಯುವವರ ಆ ಹುಡುಗ ನನ್ನ ಸೈಕಲ್ಲಿನ ಮುಂದೆ ಬಂದು ನಿಂತ. ಮೊಣಕೈ ಹತ್ತಿರ ಬಟ್ಟೆ ಸುತ್ತಿತ್ತು. ಹಳೆ ಹಾಸಿಗೆ ಬಿಚ್ಚುವಾಗ ತುಕ್ಕು ಹಿಡಿದ ದಬ್ಬಳ ಹೊಕ್ಕಿತ್ತಂತೆ.

"ಕರ್ಕೊಂಡ್ ಹೋಗಣ್ಣಾ. ಒಬ್ಬನೇ ಹೋಗೋಕೆ ಡರ್ ಆಗ್ತೈತೆ."

"ನಿಮ್ಮ ಉಸ್ತಾದ್ ಏನಂದ್ರು?"

"ಹೋದ್ರೆ ವಾಪಸ್ ಬರ್ಬೇಡ ಅಂದ್ರು. ನಮ್ಮ ಅಮ್ಮೀ ಮಾತ್ರ, ಆ ಹುಡುಗನ ಅವ್ವನ್ನ ನೋಡ್ದೋನು ನೀನು, ಹೋಗು ಅಂದ್ಳು."

ಆಸ್ಪತ್ರೆಯಲ್ಲಿ ಸೂಜಿ ನೋಡಿ ಅವನ ಮುಖ ಬಿಳಿಚಿತು. ಎದುರಾಳಿಯ ಮುಂದೆ ರೆಪ್ಪೆ ಹೊಡೆಯದವನು ಕಣ್ಣು ಮುಚ್ಚಿ ನನ್ನ ಮುಂಗೈ ಹಿಡಿದುಕೊಂಡ. ಅಲ್ಲಿಯ ಕಾಂಪೌಂಡರ್ ಮುಗಿಸಿ, "ಆಯ್ತು, ಎದ್ದೇಳು" ಅಂದ ಮೇಲೂ ಕೈ ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದು, "ಐತಾ ಅಣ್ಣಾ? ಹಿಡಿತ ಐತಾ ನೋಡು" ಅಂದ. ಮೂಳೆ ಮುರಿಯುವ ಹಾಗಿತ್ತು. ನನಗೆ ನೋವಿಗೆ ನೀರು ಬಂತೋ ಬೇರೆ ಯಾವುದಕ್ಕೆ ಬಂತೋ, "ಐತೆ ಕಣಪ್ಪಾ, ಪೂರ್ತಿ ಐತೆ, ಬುಡು ಈಗ" ಅಂದೆ.

ಗೇಟಿನ ಹತ್ತಿರ ಅವನ ಗರಡಿಯವರೇ ಕೆಲವರು ಬಂದು ನಿಂತಿದ್ದರು. "ಏ ಸೂಜಿ ಪೈಲ್ವಾನ್! ಕುದ್ರೆ ಹಂಗೆ ಕೆನೆದು ತೋರ್ಸೋ!" ಅಂತ ಕೂಗಿದರು. ಅವನು ನಿಂತ. ಲುಂಗಿ ಎತ್ತಿ ಕಟ್ಟಿ, ಬಟ್ಟೆ ಸುತ್ತಿದ ಆ ಕೈಯಿಂದಲೇ ತೊಡೆ ತಟ್ಟಿದ. ಬನ್ನಿ ಎಂದು ಕರೆಯುವುದು ಹಾಗೆ. ಯಾರೂ ಮುಂದೆ ಬರಲಿಲ್ಲ. ಅವನು ಬೀದಿಗಿಳಿದು ನಡೆದ. ಸೈಕಲ್ ತಳ್ಳಿಕೊಂಡು ನಾನು ಅವನ ಪಕ್ಕದಲ್ಲಿ ನಡೆದೆ. ಮುಂದಿನ ಕುಸ್ತಿಗೆ ತನಗೆ ಜೋಡಿ ಯಾರು ಎಂದು ಅವನು ಕೇಳಿದ. ಗಾಯ ಪೂರ್ತಿ ಮಾಯಲಿ, ಆಮೇಲೆ ಹೇಳುತ್ತೇನೆ ಅಂದೆ.